ಟೇಕಲ್‌ನಲ್ಲಿ ಒಂದು ಮೂವತ್ತು–ನಲವತ್ತು

ಟೇಕಲ್‌ಗೆ ಮೂರು ಸಲ ಹೋಗಿ ಬಂದೆ. ಮೊದಲ ಸಲ ಕಂಪನಿಯವರ ಎಸಿ ಕಾರಿನಲ್ಲಿ, ಎರಡನೇ ಸಲ ಒಬ್ಬಳೇ ರೈಲಿನಲ್ಲಿ, ಮೂರನೇ ಸಲ ಅಮ್ಮನ ಜೊತೆ. ಊರು ಒಂದೇ. ಆದ್ರೆ ಮೂರು ಸಲವೂ ಬೇರೆ ಬೇರೆ ಊರು ನೋಡಿದ ಹಾಗಿತ್ತು.

ವಿಷಯ ಇಷ್ಟು. ಅಮ್ಮ ಖಾಸಗಿ ಶಾಲೆಯೊಂದರಲ್ಲಿ 27 ವರ್ಷ ಕನ್ನಡ ಟೀಚರ್ ಆಗಿದ್ದು ಹೋದ ಜೂನ್‌ನಲ್ಲಿ ನಿವೃತ್ತಿ ಆದಳು. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ ಕೈಗೆ ಬಂದಿದ್ದು 16 ಲಕ್ಷ. ತಿಂಗಳ ಪಿಂಚಣಿ ಎರಡು ಸಾವಿರ ಚಿಲ್ಲರೆ. ಅಪ್ಪ ಹೋಗಿ ಹನ್ನೊಂದು ವರ್ಷ. ಮದುವೆಯಾದಾಗಿನಿಂದ ಅಮ್ಮ ಏಳು ಬಾಡಿಗೆ ಮನೆ ಬದಲಾಯಿಸಿದ್ದಾಳೆ. ಪ್ರತಿ ಮನೆಯಲ್ಲೂ ಗೋಡೆಗೆ ಮೊಳೆ ಹೊಡೆಯೋ ಮುಂಚೆ ಓನರ್‌ನ ಕೇಳಿದ್ದಾಳೆ. ಹಾಗಾಗಿ ದುಡ್ಡು ಬಂದ ವಾರವೇ, "ಒಂದು ಸೈಟು ತಗೊಂಡುಬಿಡೋಣ ಕಣೇ, ಎಲ್ಲಾದ್ರೂ ಸರಿ" ಅಂದಳು.

"ಎಲ್ಲಾದ್ರೂ ಸರಿ" ಅನ್ನೋ ಆ ಎರಡು ಮಾತನ್ನ ನಾನು ಅವತ್ತೇ ಹಿಡಿದು ಕೇಳಬೇಕಿತ್ತು. ಕೇಳಲಿಲ್ಲ. ನನ್ನದು ವೈಟ್‌ಫೀಲ್ಡ್‌ನಲ್ಲಿ ಆಫೀಸು, ವಯಸ್ಸು ಇಪ್ಪತ್ತೊಂಬತ್ತು. ಮಧ್ಯಾಹ್ನ ಊಟದ ಟೇಬಲ್‌ನಲ್ಲಿ ಯಾರು ಎಲ್ಲಿ ಸೈಟು ತಗೊಂಡ್ರು, ಎಷ್ಟಕ್ಕೆ ಎಷ್ಟಾಯ್ತು ಅನ್ನೋದೇ ಮಾತು. ತಗೊಳ್ಳದವರು ಸುಮ್ಮನೆ ಮೊಸರನ್ನ ತಿಂತಾ ಇರ್ತಾರೆ. ನಾನೂ ಎರಡು ವರ್ಷ ಮೊಸರನ್ನ ತಿಂದಿದ್ದೆ.

ಮೊದಲ ಸಲ

ಕಾರು ಭಾನುವಾರ ಬೆಳಿಗ್ಗೆ ಮನೆ ಹತ್ತಿರಕ್ಕೇ ಬಂತು. ನೀರಿನ ಬಾಟಲಿ, ಪಲಾವ್ ಡಬ್ಬಿ, ಬಣ್ಣದ ಬ್ರೋಷರ್. ಬ್ರೋಷರ್‌ನಲ್ಲಿ ಈಜುಕೊಳದ ಪಕ್ಕ ಒಂದು ಬಿಳಿ ನಾಯಿ. ಮಾಲೂರು ದಾಟಿ ಹದಿನೈದು ಕಿಲೋಮೀಟರ್ ಆಸುಪಾಸು ಹೋದರೆ ಟೇಕಲ್. ದಾರಿಯುದ್ದಕ್ಕೂ ಆ ಹುಡುಗ ಮಾತಾಡ್ತಾನೇ ಇದ್ದ. "ಮೇಡಂ, ಎಕ್ಸ್‌ಪ್ರೆಸ್‌ವೇ ಹತ್ತು ನಿಮಿಷ. ನರಸಾಪುರ ಪಕ್ಕದಲ್ಲೇ. ಕೆ.ಸಿ. ವ್ಯಾಲಿ ನೀರು ಬಂದಿದೆ. ಐದು ವರ್ಷಕ್ಕೆ ಡಬಲ್."

ಮೂವತ್ತು–ನಲವತ್ತು, ಅಂದರೆ 1,200 ಚದರಡಿ. ಚದರಡಿಗೆ 1,150 ರೂಪಾಯಿ. ಒಟ್ಟು 13 ಲಕ್ಷ 80 ಸಾವಿರ. ಕೆಂಪು ಮಣ್ಣು ಹದ ಮಾಡಿ, ಜಲ್ಲಿ ಹಾಕಿದ ರಸ್ತೆ, ಮೂಲೆಗೊಂದು ಸುಣ್ಣ ಬಳಿದ ಕಲ್ಲು. ಹಿಂದೆ ಒಂದರ ಮೇಲೊಂದು ಯಾರೋ ಪೇರಿಸಿಟ್ಟ ಹಾಗಿರೋ ದೊಡ್ಡ ದೊಡ್ಡ ಬಂಡೆಗಳ ಗುಡ್ಡ. ಫೋಟೋ ಚೆನ್ನಾಗಿ ಬಂತು. "ಇವತ್ತೇ ಬುಕ್ ಮಾಡಿದ್ರೆ 1,150. ನಾಳೆಯಿಂದ 1,250 ಮೇಡಂ" ಅಂದ. ಫೋನ್ ತೆಗೆದು 50,000 ಟೋಕನ್ ಕಳಿಸಿಬಿಟ್ಟೆ. ಅಮ್ಮನಿಗೆ ಹೇಳಲಿಲ್ಲ, ಸರ್ಪ್ರೈಸ್ ಕೊಡೋಣ ಅಂತ. ಮನೆಗೆ ಬಂದು ಪಲಾವ್ ಡಬ್ಬಿ ತೆರೆದರೆ ಹಳಸಿತ್ತು. ಇದನ್ನ ಶಕುನ ಅಂತ ಹೇಳ್ತಾ ಇಲ್ಲ, ಹಳಸಿತ್ತು ಅಷ್ಟೇ.

ಆ ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ಸೈಟಿಗೆ ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಎಲ್ಲ ಕೂಡಿಸಿದರೆ ಒಂದು ಲಕ್ಷ ಮಿಕ್ಕಿ ಖರ್ಚು. ಅಂದ್ರೆ ನನ್ನ 13.80 ಲಕ್ಷದ ಸೈಟು ಕೈಗೆ ಬರುವಾಗ 14.85 ಲಕ್ಷ.

ಅದೇ 14.85 ಲಕ್ಷವನ್ನ ಅಮ್ಮ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ? ಶೇ 8.2 ಬಡ್ಡಿ, ಐದು ವರ್ಷ. ಮೂರು ತಿಂಗಳಿಗೊಮ್ಮೆ 30,400 ರೂಪಾಯಿ ಖಾತೆಗೆ ಬೀಳುತ್ತೆ. ಐದು ವರ್ಷಕ್ಕೆ 6 ಲಕ್ಷ ಮಿಕ್ಕಿ ಬಡ್ಡಿ, ಅಸಲು ಹಾಗೇ ಇರುತ್ತೆ. ಸೈಟು ಅಷ್ಟು ಕೊಡಬೇಕು ಅಂದ್ರೆ ಐದು ವರ್ಷದ ನಂತರ ಚದರಡಿಗೆ 1,745 ರೂಪಾಯಿಗೆ ಮಾರಬೇಕು. ಅದು ಬರೀ ಸರಿಸಮ ಆಗೋಕೆ, ಲಾಭ ಅಲ್ಲ. ಲಾಭ ಬಂದರೂ ಎರಡು ವರ್ಷ ಇಟ್ಟುಕೊಂಡ ಮೇಲೆ ಮಾರಿದರೆ ಅದರ ಮೇಲೆ ಶೇ 12.5 ತೆರಿಗೆ. ಅದಕ್ಕೂ ಮುಂಚೆ ಮಾರಿದರೆ ನಮ್ಮ ಸಂಬಳದ ಸ್ಲ್ಯಾಬು. ಖಾಲಿ ಸೈಟು ಬಾಡಿಗೆ ಕೊಡಲ್ಲ. ವರ್ಷಕ್ಕೊಮ್ಮೆ ಗಿಡಗಂಟಿ ಕೀಳಿಸೋಕೆ ನಾವೇ ದುಡ್ಡು ಕೊಡಬೇಕು.

ಇದನ್ನೆಲ್ಲ ನಾನು ಟೋಕನ್ ಕಳಿಸಿದ ಮೇಲೆ ಲೆಕ್ಕ ಹಾಕಿದೆ ಅನ್ನೋದನ್ನ ಗಮನಿಸಿ.

ಎರಡನೇ ಸಲ

ಮುಂದಿನ ಶನಿವಾರ ರೈಲು ಹಿಡಿದೆ. ರೈಲಿನ ಆ್ಯಪ್‌ನಲ್ಲಿ "ಟೇಕಲ್" ಅಂತ ಹುಡುಕಿದರೆ ಸಿಗಲ್ಲ. ರೈಲ್ವೆಯವರ ಇಂಗ್ಲಿಷ್‌ನಲ್ಲಿ ಈ ಊರು "ಟ್ಯಾಕಲ್". ವೈಟ್‌ಫೀಲ್ಡ್, ದೇವನಗೊಂದಿಯ ಪೆಟ್ರೋಲ್ ಟ್ಯಾಂಕ್‌ಗಳು, ಮಾಲೂರು, ಆಮೇಲೆ ಬಂಡೆಗಳು ಶುರು. ಈ ಹಳಿ 1864ರದ್ದು. ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟ್‌ಗೆ ಮೊದಲ ರೈಲು ಬಂದದ್ದು ಇದೇ ದಾರಿಯಲ್ಲಿ. ಬೋಗಿಯಲ್ಲಿ ಬೆಂಗಳೂರಿಗೆ ಹೂವು ಮಾರಿ ಖಾಲಿ ಬುಟ್ಟಿ ಹಿಡಿದು ವಾಪಸ್ ಹೊರಟ ಹೆಂಗಸರು, ರಾತ್ರಿ ಪಾಳಿ ಮುಗಿಸಿ ನಿದ್ದೆ ತೂಗುವ ಸೆಕ್ಯುರಿಟಿ ಗಾರ್ಡ್‌ಗಳು. ಒಂದು ಗಂಟೆ ಒಳಗೇ ಇಳಿದೆ. ಟಿಕೆಟ್ಟು ನನ್ನ ಆಫೀಸಿನ ಕಾಫಿಗಿಂತ ಅಗ್ಗ.

ಊರಿನ ಹೊರಗೆ ರಸ್ತೆ ಪಕ್ಕ ಕಲ್ಲು ಒಡೆಯೋರು ಕೂತಿದ್ದರು. ಟೇಕಲ್ ಅಂದ್ರೆ ಕಲ್ಲು. ಕಂಬ, ಚಪ್ಪಡಿ, ಪಾಯಕ್ಕೆ ಹಾಕೋ ಸೈಜುಗಲ್ಲು. ಉಳಿ ಸುತ್ತಿಗೆ ಸದ್ದು ದೂರದಿಂದಲೇ ಕೇಳುತ್ತೆ. ದಾರಿ ಕೇಳೋ ನೆಪದಲ್ಲಿ ನಿಂತೆ. ಲೇಔಟಿನ ಹೆಸರು ಹೇಳಿದ ಕೂಡಲೇ ತಲೆಗೆ ಟವೆಲ್ ಕಟ್ಟಿದ್ದ ಅಣ್ಣ ನಕ್ಕ.

"ಆ ಮೂಲೆಗಲ್ಲು ನಮ್ಮದೇ ಅಕ್ಕಾ. ಮೂರು ವರ್ಷದಾಗೆ ಆರು ಲೇಔಟ್‌ಗೆ ಕೊಟ್ಟೀವಿ."

"ಮನೆಗಳು ಎಷ್ಟು ಎದ್ದಿವೆ ಅಣ್ಣಾ?"

ಆತ ಸುತ್ತಿಗೆ ಕೆಳಗಿಟ್ಟು ಬೆರಳು ಮಡಚಿದ. ಎರಡು ಬೆರಳಿಗೇ ನಿಂತ. "ಮೂಲೆಗಲ್ಲು ಓಡ್ತದೆ. ಪಾಯದ ಕಲ್ಲು ಓಡಲ್ಲ. ಸೈಟ್ ತಗೊಳ್ಳೋರು ಬೆಂಗಳೂರಾಗೇ ಇರ್ತಾರೆ, ಇನ್ನೊಬ್ಬರು ಬೆಂಗಳೂರಿನೋರಿಗೆ ಮಾರ್ತಾರೆ. ಇಲ್ಲಿ ಇರೋಕೆ ಯಾರು ಬತ್ತಾರೆ?"

ಯಾವ ಯೂಟ್ಯೂಬ್ ಚಾನೆಲ್ಲೂ ನನಗೆ ಇಷ್ಟು ಸರಳವಾಗಿ ಹೇಳಿರಲಿಲ್ಲ. ಜಾಗದ ಬೆಲೆ ಏರುತ್ತಾ ಅಂತ ತಿಳಿಯೋಕೆ ಮೂಲೆಗಲ್ಲು ಎಣಿಸಬೇಡಿ, ಪಾಯ ಎಣಿಸಿ. ಜನ ಬಂದು ಬದುಕೋ ಕಡೆ ಬೆಲೆ ನಿಲ್ಲುತ್ತೆ. ಬರೀ ಕೈಬದಲಾಗೋ ಕಡೆ ಕೊನೆಗೆ ಹಿಡಿದುಕೊಂಡವರ ಕೈಯಲ್ಲಿ ಉಳಿಯುತ್ತೆ.

ಲೇಔಟ್ ಗೇಟಿನಲ್ಲಿ ಅವತ್ತು ಯಾರೂ ಇರಲಿಲ್ಲ. ನನ್ನ ಸೈಟಿನ ಮಧ್ಯೆ ನಿಂತು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆಗೆದೆ. ನಾವು ನಿಂತ ಜಾಗದ ಸರ್ವೆ ನಂಬರ್ ಅದು ತೋರಿಸುತ್ತೆ. ನನ್ನ ಕಾಗದದಲ್ಲಿದ್ದ ನಂಬರ್ ಒಂದು, ಫೋನ್ ತೋರಿಸಿದ್ದು ಪಕ್ಕದ ನಂಬರ್. ಫೋನಿನ ಜಿಪಿಎಸ್ ಹತ್ತಿಪ್ಪತ್ತು ಅಡಿ ಆಚೀಚೆ ಆಗಬಹುದು ಅಂತ ಮೂರು ಮೂಲೆಗೂ ಹೋಗಿ ನೋಡಿದೆ. ಮೂರರಲ್ಲೂ ಅದೇ ಪಕ್ಕದ ನಂಬರ್.

ಅಷ್ಟರಲ್ಲಿ ಎರಡು ಹಸು ಹೊಡೆದುಕೊಂಡು ಒಬ್ಬ ತಾತ ಬಂದರು. ಆಚೆ ರಸ್ತೆ ಮೇಲೆ ಅವರ ಮನೆಯವರು ರಾಗಿ ತೆನೆ ಹರವಿದ್ದರು, ಬಸ್ಸು ಲಾರಿ ಹೋಗಿ ಒಕ್ಕಣೆ ಆಗಲಿ ಅಂತ.

"ಏನಮ್ಮಾ ನೋಡ್ತಿದ್ದೀಯ?"

"ಸೈಟು ತಾತ."

"ಇದಾ? ಇದು ಹಳ್ಳ ಕಣಮ್ಮ." ಕೋಲಿನಿಂದ ಗುಡ್ಡದ ಕಡೆಯಿಂದ ನನ್ನ ಕಾಲ ಬುಡದವರೆಗೆ ಒಂದು ಗೆರೆ ಎಳೆದರು. "ಒಳ್ಳೆ ಮಳೆ ಬಂದ್ರೆ ಆ ಬಂಡೆ ಮೇಲಿನ ನೀರೆಲ್ಲ ಇಲ್ಲೇ ಹರಿದು ಕೆರೆಗೆ ಹೋಗೋದು. ಮುಚ್ಚವ್ರೆ."

ಮನೆಗೆ ಬಂದು ಭೂಮಿ ಪೋರ್ಟಲ್‌ನಲ್ಲಿ ಆ ನಂಬರಿನ ಪಹಣಿ ತೆಗೆದೆ. ಅದರಲ್ಲಿ ಕೆಲವು ಗುಂಟೆ "ಬಿ ಖರಾಬು". ಖರಾಬಿನಲ್ಲಿ ಎರಡು ಬಗೆ. "ಎ" ಅಂದರೆ ಉಳೋಕೆ ಬಾರದ ಜಾಗ. "ಬಿ" ಅಂದರೆ ದಾರಿ, ಹಳ್ಳ, ಹೀಗೆ ಊರಿಗೆಲ್ಲ ಸೇರಿದ್ದು. ಅದನ್ನ ಮಾರೋಕೆ ಯಾರಿಗೂ ಹಕ್ಕಿಲ್ಲ.

ಮಾಲೂರಿನ ವಕೀಲರೊಬ್ಬರ ಹತ್ತಿರ ಐದು ಸಾವಿರ ಕೊಟ್ಟು ಕಾಗದ ತೋರಿಸಿದೆ. ಟೋಕನ್‌ಗೆ ಮುಂಚೆ ಕೊಟ್ಟಿದ್ದರೆ 50,000 ಉಳೀತಿತ್ತು. ಅವರು ಪುಟ ತಿರುವುತ್ತಾ ಒಂದೊಂದೇ ಪ್ರಶ್ನೆ ಕೇಳಿದರು. ಸೆಕ್ಷನ್ 95ರ ಭೂಪರಿವರ್ತನೆ ಆದೇಶ ಎಲ್ಲಿ? ಯೋಜನಾ ಪ್ರಾಧಿಕಾರ ಒಪ್ಪಿದ ನಕ್ಷೆ ಎಲ್ಲಿ? ನನ್ನ ಹತ್ತಿರ ಇದ್ದದ್ದು ಕಂಪನಿಯವರು ಹೆಮ್ಮೆಯಿಂದ ಕೊಟ್ಟಿದ್ದ "ಇ–ಖಾತಾ" ಮಾತ್ರ. ವಕೀಲರು ಅದರ ತಲೆಬರಹ ತೋರಿಸಿದರು: ನಮೂನೆ 11ಬಿ.

"ಹಳ್ಳಿ ಕಡೆ ಸರಿಯಾದ ಸೈಟಿಗೆ ನಮೂನೆ 9, ನಮೂನೆ 11ಎ ಎರಡೂ ಬರ್ತವೆ. 11ಬಿ ಅಂದ್ರೆ ಅಕ್ರಮವಾಗಿ ಆಗಿರೋದನ್ನ ಪಂಚಾಯಿತಿ ಲೆಕ್ಕಕ್ಕೆ ಹಿಡಿದು ತೆರಿಗೆ ಹಾಕೋದು. ತೆರಿಗೆ ಕಟ್ಟಿದ ಮಾತ್ರಕ್ಕೆ ಸಕ್ರಮ ಆಗಲ್ಲ."

"ರೇರಾ ಬೇಡ, ಚಿಕ್ಕ ಲೇಔಟು ಅಂದಿದ್ರು ಸರ್."

"ಎಷ್ಟು ಜಾಗ?"

"ಎರಡೂವರೆ ಎಕರೆ."

ಅವರು ಕನ್ನಡಕ ತೆಗೆದರು. 2016ರ ರೇರಾ ಕಾಯ್ದೆಯಲ್ಲಿ ವಿನಾಯಿತಿ ಇರೋದು 500 ಚದರ ಮೀಟರ್‌ವರೆಗೆ. ಗುಂಟೆ ಲೆಕ್ಕದಲ್ಲಿ ಐದಕ್ಕೂ ಒಂಚೂರು ಕಮ್ಮಿ. ಎರಡೂವರೆ ಎಕರೆ ಅಂದ್ರೆ ನೂರು ಗುಂಟೆ. ನೋಂದಣಿ ಆಗಿದ್ದರೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನಕ್ಷೆ, ಪರಿವರ್ತನೆ ಆದೇಶ, ಎಲ್ಲ ನಾವೇ ಮನೆಯಲ್ಲಿ ಕೂತು ನೋಡಬಹುದಿತ್ತು. ಕೊಂಡವರ ದುಡ್ಡಿನಲ್ಲಿ ಶೇ 70 ಬೇರೆ ಖಾತೆಯಲ್ಲಿ ಇಡಬೇಕಿತ್ತು. ಸಾಲಕ್ಕೆ ಬ್ಯಾಂಕಿಗೆ ಹೋಗಿದ್ದರೂ ಇದೇ ತಿಳೀತಿತ್ತು. ಇಂಥ ಕಾಗದಕ್ಕೆ ಸಾಲ ಕೊಡಲ್ಲ ಅಂತ ಮೊದಲ ದಿನವೇ ಹೇಳಿರೋರು. "ಸಾಲ ಬೇಡ, ಪೂರ್ತಿ ಕ್ಯಾಶ್ ಇದೆ" ಅಂತ ನಾನು ಬೀಗಿದ್ದೆನಲ್ಲ, ಅದೇ ಅವರಿಗೆ ಬೇಕಾಗಿತ್ತು.

ವಕೀಲರು ಇನ್ನೊಂದು ಮಾತು ಹೇಳಿದರು, ಕೋಲಾರ ಜಿಲ್ಲೆಯಲ್ಲಿ ಸೈಟು ಹುಡುಕೋ ಎಲ್ಲರೂ ಕೇಳಿಸಿಕೊಳ್ಳಬೇಕಾದ್ದು. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ, 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಮಾರಾಟವೇ ಊರ್ಜಿತ ಅಲ್ಲ. 2023ರ ತಿದ್ದುಪಡಿ ಆದ ಮೇಲೆ ಮೂಲ ಕುಟುಂಬ ಎಷ್ಟು ವರ್ಷ ಬಿಟ್ಟು ಬಂದರೂ ಜಮೀನು ವಾಪಸ್ ಕೇಳಬಹುದು. ಅದಕ್ಕೇ ಬರೀ ಹದಿಮೂರು ವರ್ಷದ ಇಸಿ ನೋಡಿದರೆ ಸಾಲದು, ಮೂಲ ಮಂಜೂರಾತಿವರೆಗೂ ಹೋಗಬೇಕು. ನನಗೆ ಆ ಕ್ಷಣ ಹೊಳೆದದ್ದು ಬೇರೆ. ನಾನು "ಇನ್ವೆಸ್ಟ್‌ಮೆಂಟ್" ಅಂತ ಕರೀತಿದ್ದ ಈ ಮಣ್ಣು ಯಾರದ್ದೋ ಅಜ್ಜನಿಗೆ ಜೀವನದಲ್ಲಿ ಒಂದೇ ಸಲ ಸಿಕ್ಕಿದ್ದ ಜಮೀನಾಗಿರಬಹುದು.

ಟೋಕನ್ ವಾಪಸ್ ಕೇಳಿದೆ. "ಕ್ಯಾನ್ಸಲೇಷನ್ ಪಾಲಿಸಿ ಇದೆ ಮೇಡಂ" ಅಂದರು. ಆಮೇಲೆ ಫೋನೇ ಎತ್ತಲಿಲ್ಲ.

ಮೂರನೇ ಸಲ

ಅಮ್ಮನಿಗೆ ಹೇಳಲೇಬೇಕಾಯ್ತು. ಬೈತಾಳೆ ಅಂದುಕೊಂಡಿದ್ದೆ. ಸುಮಾರು ಹೊತ್ತು ಸುಮ್ಮನಿದ್ದು, "ನಿನ್ನ ಐವತ್ತು ಸಾವಿರ ಹೋದ ಜಾಗ ತೋರಿಸು" ಅಂದಳು.

ಜನವರಿ. ರೈಲಿನ ಕಿಟಕಿ ಪಕ್ಕ ಕೂತು ಅಮ್ಮ ಬಂಡೆ ನೋಡುತ್ತಾ, "ಇದ್ಯಾರು ಪೇರಿಸಿದ್ದೇ?" ಅಂತ ಮಗುವಿನ ಹಾಗೆ ಕೇಳಿದಳು. ಸೈಟು ತೋರಿಸಿದೆ. ಎರಡು ನಿಮಿಷ ನೋಡಿದಳು. "ಒಂದು ಮರ ಇಲ್ಲ. ಅಂಗಡಿ ಎಷ್ಟು ದೂರ?" ಒಂದೂವರೆ ಕಿಲೋಮೀಟರ್. "ಆಸ್ಪತ್ರೆ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಎಕ್ಸ್‌ಪ್ರೆಸ್‌ವೇ ಎಷ್ಟು ದೂರ ಅಂತ ಕೇಳಿದ್ದೆ, ಆಸ್ಪತ್ರೆ ಎಷ್ಟು ದೂರ ಅಂತ ಕೇಳಿರಲಿಲ್ಲ. ಆ ಎಕ್ಸ್‌ಪ್ರೆಸ್‌ವೇ ಆದರೂ ಏನು? ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಮೇಲೆ ಹೋಗುತ್ತೆ ನಿಜ. ಆದರೆ ಅದಕ್ಕೆ ಇಂಟರ್‌ಚೇಂಜ್ ಇರೋ ಕಡೆ ಮಾತ್ರ ಹತ್ತಬಹುದು, ಬೈಕು ಆಟೋಗೆ ಪ್ರವೇಶ ಇಲ್ಲ. ಮನೆ ಮುಂದೆ ಹಾದು ಹೋದರೂ ಹತ್ತೋಕಾಗದ ರಸ್ತೆ ಅದು. ಕೆ.ಸಿ. ವ್ಯಾಲಿ ನೀರು ಕೂಡ ಹಾಗೇ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರ್ತಿರೋದು ಅಂತರ್ಜಲ ಏರಲಿ ಅಂತ. ನಲ್ಲಿಯಲ್ಲಿ ಕುಡಿಯೋಕೆ ಬರಲ್ಲ ಅದು.

ಅಲ್ಲಿಂದ ಊರೊಳಗೆ ವರದರಾಜಸ್ವಾಮಿ ದೇವಸ್ಥಾನಕ್ಕೆ ಹೋದೆವು. ವಿಜಯನಗರದ ಕಾಲದ್ದು. ಮಂಟಪದ ಕಂಬಗಳ ಕೆತ್ತನೆ ನೋಡೋಕೇ ಒಂದು ಗಂಟೆ ಬೇಕು. ಹೊರಗೆ ರಸ್ತೆ ಪಕ್ಕ ಉಳಿ ಹಿಡಿದು ಕೂತವರು ಇದೇ ಕಲ್ಲಲ್ಲಿ ಈಗ ಮೂಲೆಗಲ್ಲು ಮಾಡ್ತಿದ್ದಾರೆ ಅಂತ ನಾನು ಹೇಳಿದರೆ ಅಮ್ಮ ಕೇಳಿಸಿಕೊಳ್ಳಲಿಲ್ಲ. ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದಳು. ತಂಪಾಗಿತ್ತು. ಹೊರಗಡೆ "ಮಾಸ್ತಿ" ಅಂತ ಬೋರ್ಡ್ ಹಾಕಿದ ಬಸ್ಸು ಹೋಯಿತು. "ಹೌದಲ್ಲ, ಮಾಸ್ತಿಯವರದ್ದು ಇದೇ ತಾಲ್ಲೂಕು!" ಅಂತ ಎದ್ದು ಕೂತಳು. 27 ವರ್ಷ ಪಾಠ ಮಾಡಿದ ಊರಿನ ಹೆಸರನ್ನ ಬಸ್ಸಿನ ಹಣೆಯ ಮೇಲೆ ಮೊದಲ ಸಲ ನೋಡಿದ್ದಳು.

ಅಲ್ಲೇ ಕೇಳಿದೆ, ಜೂನ್‌ನಲ್ಲೇ ಕೇಳಬೇಕಿದ್ದನ್ನ. "ಅಮ್ಮಾ, ನಿಂಗೆ ಸೈಟು ಯಾಕೆ ಬೇಕು?"

"ಯಾಕೆ ಅಂದ್ರೆ?"

"ಇರೋಕಾ, ಮಾರೋಕಾ, ನನಗೆ ಬಿಟ್ಟು ಹೋಗೋಕಾ?"

ಅಮ್ಮ ಸೆರಗಿನ ತುದಿ ಸುತ್ತುತ್ತಾ ಇದ್ದಳು. "ಮಾರೋಕೆ ಯಾಕೆ ತಗೋತಾರೆ? ನಿಂಗೆ ಸಂಬಳ ಇದೆ. ನಂಗೆ... ಬಾಗಿಲಲ್ಲಿ ಒಂದು ತುಳಸಿ, ಒಂದು ಕನಕಾಂಬರ. ಮೊಳೆ ಹೊಡೆದ್ರೆ ಯಾರೂ ಕೇಳಬಾರ್ದು. ಅಷ್ಟೇ."

ನನ್ನ ಎಕ್ಸೆಲ್ ಶೀಟಿನಲ್ಲಿ ಐದು ವರ್ಷದ ಏರಿಕೆಗೆ ಕಾಲಂ ಇತ್ತು. ಇದಕ್ಕೆ ಇರಲಿಲ್ಲ. ಮಾರಿ ಲಾಭ ಮಾಡಬೇಕು ಅಂತ ಹುಡುಕಿದ್ದು ನಾನು, ಇರಬೇಕು ಅಂತ ಆಸೆಪಟ್ಟಿದ್ದು ಅಮ್ಮ. ದುಡ್ಡು ಅವಳದು, ಸೈಟು ಆರಿಸಿದ್ದು ನಾನು. ಕಾಗದ ಪತ್ರ ಎಲ್ಲ ನೆಟ್ಟಗಿದ್ದಿದ್ದರೂ ಆ ಹಳ್ಳದ ಸೈಟು ಇಬ್ಬರಲ್ಲಿ ಒಬ್ಬರಿಗೂ ಆಗುತ್ತಿರಲಿಲ್ಲ. ಮನೆ ಕಟ್ಟೋಕೆ ಇನ್ನೂ ಇಪ್ಪತ್ತು ಲಕ್ಷ ಎಲ್ಲಿಂದ ತರೋದು? ಬೋರ್‌ವೆಲ್ ಸಾವಿರ ಅಡಿ ದಾಟೋ ಜಿಲ್ಲೆಯಲ್ಲಿ ಅವಳು ಒಬ್ಬಳೇ ನೀರಿಗೆ ಏನು ಮಾಡ್ತಿದ್ದಳು?

15 ಲಕ್ಷ ಈಗ ಅಂಚೆ ಕಚೇರಿಯಲ್ಲಿದೆ. ಮೂರು ತಿಂಗಳಿಗೊಮ್ಮೆ ಅಮ್ಮನ ಖಾತೆಗೆ ಬಡ್ಡಿ ಬೀಳುತ್ತೆ. ಅವತ್ತು ಸಂಜೆ ಮಾತ್ರ ಇದ್ಯಾವುದೂ ತೀರ್ಮಾನ ಆಗಿರಲಿಲ್ಲ. ಸ್ಟೇಷನ್ ಹತ್ತಿರ ಎರಡು ಕೆಜಿ ಅವರೆಕಾಯಿ ತಗೊಂಡು, ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಬಂಗಾರಪೇಟೆ ಕಡೆಯಿಂದ ಬರೋ ರೈಲಿಗೆ ಕಾಯ್ತಾ ಇದ್ದೆವು. ಅಮ್ಮ ಅವರೆ ಸೊಗಡು ಮೂಸಿ ನೋಡುತ್ತಾ ಇದ್ದಕ್ಕಿದ್ದ ಹಾಗೆ ಅಂಗಡಿಯವರನ್ನ ಕೇಳಿದಳು.

"ಯಾಕಪ್ಪಾ, ದೇವಸ್ಥಾನದ ಬೀದೀಲಿ ಬಾಡಿಗೆ ಮನೆ ಎಷ್ಟಿರುತ್ತೆ?"

"ಎರಡು ರೂಮು, ಅಡಿಗೆಮನೆ. ನಾಲ್ಕು ಸಾವಿರಕ್ಕೆ ಸಿಗ್ತದಮ್ಮ. ಯಾರಿಗೆ?"

"ಮುಂದೆ ಜಾಗ ಇರುತ್ತಾ, ಗಿಡ ಹಾಕೋಕೆ?"

"ಇರ್ತದೆ. ನೀರು ಮಾತ್ರ ಎರಡು ದಿನಕ್ಕೊಂದು ಸಲ."

"ಮೊಳೆ ಹೊಡೀಬಹುದಾ?"

ಅವರಿಗೆ ಅರ್ಥ ಆಗಲಿಲ್ಲ. ನನ್ನ ಮುಖ ನೋಡಿದರು. ಅಷ್ಟರಲ್ಲಿ ರೈಲು ಬಂತು.